ಒಂಬತ್ತು ದಿನದ ಉಣ್ಣೆ

ಮೋಟಾರು ನಿಂತ ಮೇಲೂ ಅಪ್ಪ ಕೂಗಿಕೊಂಡೇ ಮಾತಾಡುತ್ತಿದ್ದ. ಆ ತಗಡಿನ ಶೆಡ್ಡಿನೊಳಗೆ ಅದನ್ನು ಗಮನಿಸಿದವಳು ತಾನೊಬ್ಬಳೇ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ, ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಈ ವರ್ಷದ ಮೊದಲ ತುಪ್ಪಟ ಆಗಷ್ಟೇ ಮೇಜಿನ ಮೇಲೆ ಬಿದ್ದಿತ್ತು. ಒಂದು ಕುರಿಯ ಇಡೀ ಉಣ್ಣೆ, ಎಲ್ಲೂ ಹರಿಯದೆ, ಬಿಚ್ಚಿಟ್ಟ ಅಂಗಿಯ ಹಾಗೆ. ಮೇಲೆ ನೋಡಿದರೆ ಮಣ್ಣು, ಮುಳ್ಳು, ಬೂದಿ ಬಣ್ಣ; ಅಂಚು ಮಗುಚಿದಲ್ಲೆಲ್ಲ ಕಣ್ಣು ಕುಕ್ಕುವ ಬಿಳುಪು. ಮೊದಲ ತುಪ್ಪಟ ಬಿದ್ದಾಗ ಅಪ್ಪ ಕೈ ಎತ್ತುತ್ತಾನೆ. ಕೈ ಎತ್ತಿದರೆ ಕತ್ತರಿಯವನು ಮೋಟಾರು ನಿಲ್ಲಿಸುತ್ತಾನೆ, ನೆಲ ಗುಡಿಸುವ ಅತ್ತೆ ಪೊರಕೆ ನಿಲ್ಲಿಸುತ್ತಾಳೆ, ಹೊರಗೆ ರೊಪ್ಪದಲ್ಲಿ ಸರದಿಗೆ ಕಾದ ಕುರಿಗಳಿಗೆ ಮಾತ್ರ ಯಾರೂ ಹೇಳುವ ಹಾಗಿಲ್ಲ. ಅಪ್ಪ ತುಪ್ಪಟದ ಪಕ್ಕೆಯಿಂದ ಸೀಸದಕಡ್ಡಿಯಷ್ಟು ದಪ್ಪದ ಒಂದು ಕುಚ್ಚು ಎಳೆದುಕೊಂಡ. ಬುಡ ಒಂದು ಕೈಯಲ್ಲಿ, ತುದಿ ಇನ್ನೊಂದರಲ್ಲಿ. ಬಿಗಿಯಾಗಿ ಹಿಡಿದು ಕಿವಿಯ ಪಕ್ಕಕ್ಕೆ ತಂದು ನಡುಬೆರಳಿನಿಂದ ಮೀಟಿದ. ಗಟ್ಟಿ ಉಣ್ಣೆಯಾದರೆ ತಂತಿಯ ಹಾಗೆ ಟಿಣ್ ಅನ್ನುತ್ತದೆ. ವರ್ಷದ ನಡುವೆ ಕುರಿ ಎಂದಾದರೂ ಹೊಟ್ಟೆಗಿಲ್ಲದೆ ಇದ್ದಿದ್ದರೆ ಆ ದಿನಗಳಲ್ಲಿ ಬೆಳೆದಷ್ಟು ಎಳೆ ಸಣಕಲಾಗಿರುತ್ತದೆ. ಆ ಜಾಗಕ್ಕೆ ಈ ಮನೆಯಲ್ಲಿ ಹಸಿವಿನ ಗೆರೆ ಅನ್ನುತ್ತಾರೆ. ಗೆರೆಯಿದ್ದ ಕುಚ್ಚು ಮೀಟಿದರೆ ಒಣಗಿದ ಎಲೆ ತುಳಿದ ಸದ್ದು. ಮೂರು ಹೆಜ್ಜೆ ದಾಟಿದರೆ ಕೇಳಿಸದಷ್ಟು ಸಣ್ಣದು. ಅವಳು ನಿಂತಿದ್ದದ್ದು ಎರಡೂವರೆ ಹೆಜ್ಜೆ ಆಚೆ.

ಚರಕ್ ಅಂದಿತು.

"ಗಟ್ಟಿ!" ಅಂತ ಅಪ್ಪ ಕೂಗಿದ, ಶೆಡ್ಡಿನ ಆ ತುದಿಯಲ್ಲಿ ಯಾರೋ ಇದ್ದಾರೇನೋ ಅನ್ನುವ ಹಾಗೆ. "ಕಲ್ಲು ಕಣಯ್ಯಾ, ಕಲ್ಲು! ಹಾಕು ಮೋಟಾರು!"

ಮೋಟಾರು ಹಾಕಿಯಾಯಿತು. ಅಪ್ಪ ತುಪ್ಪಟದ ಕೊಳಕು ಅಂಚನ್ನು ಸುತ್ತಲೂ ಹರಿದು ತೆಗೆದು, ಎರಡೂ ಬದಿ ಒಳಕ್ಕೆ ಮಡಚಿ, ಬಾಲದ ಕಡೆಯಿಂದ ಸುರುಳಿ ಸುತ್ತಿ, ಒಂದನೇ ದರ್ಜೆಯ ಗೂಡಿಗೆ ಎಸೆದ. ಎದುರು ಬದಿಯಲ್ಲಿ ನಿಂತು ಅದೇ ಕೆಲಸ ಮಾಡುತ್ತಿದ್ದ ಅವಳ ಕೈ ಒಂದು ಕ್ಷಣ ತಡೆದು ನಿಂತಿತು. ಆಮೇಲೆ ತಾನಾಗಿಯೇ ನಡೆಯಿತು. ಕೈಗೇನು, ಇಪ್ಪತ್ತು ವರ್ಷದ ರೂಢಿ. ಕಿವಿ ಕೇಳಿಸಿಕೊಂಡದ್ದು ಕೈಗೆ ತಲುಪಬೇಕೆಂದೇನಿಲ್ಲ. ಅಪ್ಪನ ಕಿವಿ ಅಂದರೆ ಸುತ್ತಲಿನ ಕುರಿಯವರೆಲ್ಲ ಆಣೆ ಇಡುವಂಥ ಕಿವಿ. ನೂಲಿನ ಗಿರಣಿಯವರು ಬೇರೆಯವರ ಬೇಲು, ಅಂದರೆ ಒತ್ತಿ ಕಟ್ಟಿದ ಉಣ್ಣೆಯ ಮೂಟೆ, ಬಿಚ್ಚಿ, ಕೆದಕಿ, ಎಳೆದು ನೋಡುತ್ತಾರೆ. ಈ ಮನೆಯ ಗುರುತು ಬಿದ್ದ ಬೇಲನ್ನು ಸೀದಾ ಬಾಚಣಿಗೆ ಯಂತ್ರಕ್ಕೆ ಹಾಕುತ್ತಾರೆ. ಎಳೆದು ನೋಡುವುದು ಕಿವಿ ಇಲ್ಲದವರ ಕೆಲಸ ಅಂತ ಅಪ್ಪ ಅವಳಿಗೆ ಏಳೋ ಎಂಟೋ ವಯಸ್ಸಿದ್ದಾಗ ಹೇಳಿದ್ದ, ಅವಳು ಒಂದು ಕುಚ್ಚನ್ನು ಎರಡೂ ಕೈಯಿಂದ ಜಗ್ಗುತ್ತಿದ್ದಾಗ. ಕೈಮೇಲೆ ಮೆಲ್ಲಗೆ ಹೊಡೆದು, ಹೇಳು ಏನನ್ನುತ್ತೆ ಅಂತ ಕುಚ್ಚನ್ನು ಅವಳ ಕಿವಿಗೆ ಹಿಡಿದಿದ್ದ. ಅವಳು ಏನೂ ಅನ್ನಲ್ಲ ಅಂದಿದ್ದಳು. ಎಲ್ಲರೂ ನಕ್ಕಿದ್ದರು. ಆ ನಗು ಎಷ್ಟೋ ದಿನ ಕಿವಿಯೊಳಗೇ ಕೂತಿತ್ತು.

ಮುಂದಿನ ಕುರಿ ಬಂತು. ಕತ್ತರಿಯವನಿಗೆ ಎಲ್ಲರೂ ಎಡಚ ಅನ್ನುವುದು. ಎಡಗೈಯಲ್ಲಿ ಯಂತ್ರ ಹಿಡಿಯುತ್ತಾನೆ, ಹಾಗಾಗಿ ಬೇರೆಯವರು ಬಲಕ್ಕೆ ಕೂರಿಸುವ ಕುರಿಯನ್ನು ಇವನು ಎಡಕ್ಕೆ ಕೂರಿಸುತ್ತಾನೆ. ಎರಡು ಕಾಲು ಹಿಡಿದು ಒಂದು ತಿರುವು ಕೊಟ್ಟರೆ ಸಾಕು, ಕುರಿ ಮುದುಕಿಯ ಹಾಗೆ ಕುಂಡೆಯೂರಿ, ಬೆನ್ನು ಅವನ ಮೊಣಕಾಲಿಗೆ ಒರಗಿಸಿ, ಪ್ರಪಂಚದ ಆಸೆ ಬಿಟ್ಟು ಕೂತುಬಿಡುತ್ತದೆ. ಮೊದಲು ಹೊಟ್ಟೆಯ ಉಣ್ಣೆ. ಅದು ಬೇರೆ ಬುಟ್ಟಿಗೆ. ಆಮೇಲೆ ತೊಡೆ, ಆಮೇಲೆ ಕುತ್ತಿಗೆ, ಗುಂಡಿ ಬಿಚ್ಚಿದಂತೆ ಕೆಳಗಿನಿಂದ ದವಡೆಯವರೆಗೆ. ಆಮೇಲೆ ಬೆನ್ನಿನುದ್ದ, ಬಾಲದಿಂದ ತಲೆಯವರೆಗೆ ನಿಲ್ಲದ ಉದ್ದನೆಯ ಎಳೆತ, ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಒಂದೇ ಜಾಗಕ್ಕೆ ಎರಡು ಸಲ ಯಂತ್ರ ತಾಗಿದರೆ ಉಣ್ಣೆ ತುಂಡುತುಂಡಾಗುತ್ತದೆ. ಎಡಚನಿಗೆ ಎರಡನೇ ಸಲ ಅನ್ನುವುದೇ ಇಲ್ಲ. ಮುಗಿದ ಕುರಿ ಎದ್ದು ನಿಂತಾಗ ಅರ್ಧ ಗಾತ್ರ, ಅಚ್ಚ ಬಿಳಿ, ನಾಚಿಕೆ. ಅದನ್ನು ನೋಡಿದಾಗೆಲ್ಲ ಅವಳಿಗೆ ಎದೆ ಉಬ್ಬುತ್ತಿತ್ತು. ಇವತ್ತೂ ಉಬ್ಬಿತು. ಮೈಮೇಲೆ ಒಂದು ಗಾಯವಿಲ್ಲ, ಒಂದು ಹುಣ್ಣಿಲ್ಲ, ಗೊರಸು ಒಂದೂ ಕೊಳೆತಿಲ್ಲ. ಕಳೆದ ವರ್ಷ ಮಂದೆಯ ಟಗರೊಂದು ಗುದ್ದಿ ಅಪ್ಪನ ಸೊಂಟದ ಮೂಳೆ ಮುರಿದು ಅವನು ಮೂರು ತಿಂಗಳು ಮಲಗಿದಾಗಿನಿಂದ ಮಂದೆ ಅವಳ ಕೈಯಲ್ಲೇ ಇತ್ತು. ಮುನ್ನೂರ ಹನ್ನೆರಡು ಕುರಿ. ಒಂದೂ ಸಾಯಲಿಲ್ಲ.

ಒಂದೂ ಸಾಯಲಿಲ್ಲ ಅನ್ನುವುದು ನಿಜ. ಹೊಳೆ ಏರಿದಾಗ ಮಂದೆ ಮೇಲಿನ ಗುಡ್ಡದಲ್ಲಿತ್ತು ಅನ್ನುವುದೂ ನಿಜ. ಎರಡನೇ ದಿನಕ್ಕೆ ಹುಲ್ಲು ಮುಗಿಯಿತು, ನಾಲ್ಕನೇ ದಿನಕ್ಕೆ ಹೊತ್ತುಕೊಂಡು ಹೋಗಿದ್ದ ಮೇವಿನ ಚೀಲ ಮುಗಿಯಿತು, ಆರನೇ ದಿನ ಕುರಿಗಳು ಪೊದೆಯ ತೊಗಟೆ ತಿಂದವು, ಏಳನೇ ದಿನ ಒಂದರ ಬೆನ್ನಿನ ಉಣ್ಣೆಯನ್ನು ಇನ್ನೊಂದು ಕಚ್ಚಿ ಕೀಳುವುದನ್ನು ಅವಳು ಕಣ್ಣಾರೆ ನೋಡಿದಳು. ಜೇಬಿನಲ್ಲಿ ಫೋನಿತ್ತು. ದಿನಾ ಸಂಜೆ ಬಂಡೆ ಹತ್ತಿ ನಿಂತು ಆಸ್ಪತ್ರೆಯಲ್ಲಿದ್ದ ಅಪ್ಪನಿಗೆ ಎಲ್ಲ ಚೆನ್ನಾಗಿದೆ ಅಂತ ಹೇಳುತ್ತಿದ್ದಳು. ಚೆನ್ನಾಗಿದೆ ಅನ್ನುವಾಗ ಬೆನ್ನು ಮಂದೆಯ ಕಡೆಗಿರುತ್ತಿತ್ತು. ಇನ್ನೊಂದು ಫೋನು ಮಾಡಬಹುದಿತ್ತು, ಊರಿನಿಂದ ನೋಡಿದರೆ ಹೊಳೆಯ ಆಚೆ ದಡದಲ್ಲಿ, ಗುಡ್ಡದ ಬುಡದಲ್ಲೇ ಹೊಲವಿದ್ದವನಿಗೆ. ಅವನ ಹೊಲದೊಳಗೆ ಹಾದು ಹೋದರೆ ಸೇತುವೆ. ಮಂದೆ ಅವನ ಬೆಳೆಗೆ ಬಾಯಿ ಹಾಕದಂತೆ ದಾಟಿಸಲು ಅವನ ಮಕ್ಕಳು, ಅವನ ಎರಡು ನಾಯಿ ಬೇಕು. ಬರುತ್ತೇನೆ ಅಂತ ಅವನೇ ಹೇಳಿದ್ದ. "ಒಂದು ಮಾತು ಹೇಳಿಕಳಿಸು, ಬರ್ತೀವಿ. ಇದೇನು ಹೆಂಗಸೊಬ್ಬಳ ಕೈಲಾಗೋ ಕೆಲಸವಾ?" ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಒಳ್ಳೆಯ ಮನುಷ್ಯ. ಆದರೆ ಆ ಕೊನೆಯ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಒಂಬತ್ತು ದಿನ ಒಳಗೇ ಇತ್ತು, ಅವಳು ಅದನ್ನು ಕೀಳಲಿಲ್ಲ. ಹತ್ತನೇ ದಿನ ಹೊಳೆ ಇಳಿಯಿತು. ಹಳೇ ಮುಂದಾಳು ಕುರಿಯ ಕೊರಳು ಹಿಡಿದು ಸೊಂಟದ ಮಟ್ಟದ ನೀರಿಗೆ ಇಳಿದಳು. ಹಿಂದೆ ಮುನ್ನೂರ ಹನ್ನೊಂದು ಇಳಿದವು. ದಡದಲ್ಲಿ ನಿಂತು ನೋಡುತ್ತಿದ್ದ ಆಚೆ ದಡದವನು ಟೋಪಿ ತೆಗೆದ. ಅವತ್ತಿನಿಂದ ಊರೂರು ಆ ಕಥೆ ಹೇಳುತ್ತಿದ್ದವನೂ ಅವನೇ.

ಹನ್ನೊಂದು ಗಂಟೆಗೆ ಚಹಾ. ಅತ್ತೆ, ಅಪ್ಪನ ತಂಗಿ, ಗಂಡ ಹೋದ ಮೇಲೆ ಈ ಮನೆಗೇ ಬಂದು ನೆಲೆಸಿದವಳು, ಕೆಟಲಿನಿಂದ ಲೋಟಕ್ಕೆ ಸುರಿಯುತ್ತ ಎಡಚನ ಬೆನ್ನಿನ ಕಡೆ ನೋಡಿದಳು. ಬಗ್ಗಿ ಬಗ್ಗಿ ಅದು ಚಹಾ ಕುಡಿಯುವಾಗಲೂ ನೆಟ್ಟಗಾಗುತ್ತಿರಲಿಲ್ಲ.

"ನಿನ್ನ ಹೆಂಡತಿ ನಿನ್ನ ಮುಖ ನೋಡಿ ಎಷ್ಟು ವರ್ಷ ಆಯ್ತೋ?"

"ಮಲಗಿದಾಗ ನೋಡ್ತಾಳೆ ಬಿಡಿ ಅಮ್ಮಾ. ನೋಡಿ, ಬಗ್ಗಿಯೇ ಇರಯ್ಯಾ ಅಂತಾಳೆ."

ಅತ್ತೆ ಕೆಟಲು ಅಲುಗಾಡುವಷ್ಟು ನಕ್ಕಳು. ಅಪ್ಪನೂ ನಕ್ಕ, ಆದರೆ ಒಂದು ಕ್ಷಣ ತಡವಾಗಿ, ಅತ್ತೆಯ ಮುಖ ನೋಡಿಕೊಂಡು. ಎಷ್ಟು ದಿನದಿಂದ ಹೀಗೆ? ಐವತ್ತು ವರ್ಷ ಈ ಮೋಟಾರಿನ ಪಕ್ಕ ನಿಂತವನ ಕಿವಿ. ಮಾತಿಗೆ ತುಟಿ ಇದೆ, ನಗುವಿಗೆ ಮುಖ ಇದೆ, ಕುಚ್ಚಿಗೆ ಏನಿದೆ?

"ಯಜಮಾನ್ರೇ," ಎಡಚ ಜೋರಾಗಿ ಅಂದ, "ಹೋದ ವಾರ ಆ ಕಡೆ ಹತ್ತು ದೊಡ್ಡಿ ಮಾಡಿಬಂದೆ. ಎಲ್ಲಾ ಕಡೆ ಇವರದೇ ಸುದ್ದಿ. ಅಕ್ಕ ಒಬ್ಬರೇ ಹೊಳೆ ದಾಟಿಸಿದ್ರಂತೆ ಹೌದಾ ಅಂತ. ನಾನಂದೆ, ದಾಟಿಸಿದ್ದೇನು, ಹೊಳೆಗೇ ದಾರಿ ಬಿಡು ಅಂದ್ರು, ಬಿಡ್ತು."

"ಹೊಳೆಗೆ ಬುದ್ಧಿ ಇತ್ತು," ಅಂದಳು ಅತ್ತೆ. "ಇವಳ ಬಾಯಿಗೆ ಬೀಳೋದು ಯಾಕೆ ಅಂತ."

"ನಾನು ಆಸ್ಪತ್ರೆಯಲ್ಲಿದ್ದೆ," ಅಪ್ಪ ಕೂಗಿದ. ಈ ಕಥೆಯಲ್ಲಿ ಅವನ ಭಾಗ ಇಲ್ಲಿಂದಲೇ ಶುರು. "ಕಾಲು ಮೇಲೆ ಕಟ್ಟಿಬಿಟ್ಟಿದ್ರು. ನರ್ಸಮ್ಮನಿಗೆ ಹೇಳ್ದೆ, ನನ್ನ ಕಾಲು ಹೋದ್ರೆ ಹೋಗಲಮ್ಮಾ, ಮನೇಲಿ ಇನ್ನೆರಡು ಕಾಲಿದೆ. ಡಾಕ್ಟರು ಬಂದು ಕೇಳ್ಕೊಂಡು ಹೋದ್ರು!"

ಅವನ ಮುಖದಲ್ಲಿ ಆಗ ಇದ್ದದ್ದನ್ನು ಅವಳು ಸೀದಾ ನೋಡಲಾರದೆ ಲೋಟದೊಳಕ್ಕೆ ನೋಡಿದಳು. ಚಹಾದ ಮೇಲೆ ಉಣ್ಣೆಯ ಜಿಡ್ಡು ಬಣ್ಣಬಣ್ಣವಾಗಿ ತೇಲುತ್ತಿತ್ತು. ಕೈಯ ಜಿಡ್ಡು; ಎಷ್ಟು ತೊಳೆದರೂ ಹೋಗದ್ದು, ಅದರಿಂದಲೇ ಈ ಮನೆಯವರ ಕೈ ಮುದಿಯಾಗುವುದಿಲ್ಲ ಅಂತ ಅತ್ತೆ ಜಂಬ ಪಡುತ್ತಾಳೆ. ಸುಮ್ಮನಿದ್ದುಬಿಡಬಹುದು. ಅಪ್ಪ ಗಟ್ಟಿ ಅಂದ, ಆಯಿತು. ಬೇಲು ಕಟ್ಟುತ್ತಾರೆ, ಗುರುತು ಬೀಳುತ್ತದೆ, ಲಾರಿ ಬರುತ್ತದೆ. ಗಿರಣಿಯಲ್ಲಿ ಬಾಚಣಿಗೆಗೆ ಸಿಕ್ಕ ಪ್ರತಿ ಎಳೆಯೂ ಅದೇ ಜಾಗದಲ್ಲಿ ತುಂಡಾಗುತ್ತದೆ. ಆಗ ಅಲ್ಲಿಯವರು ಯಾರನ್ನು ಬೈಯುತ್ತಾರೆ? ಹೊಳೆಯನ್ನಲ್ಲ, ಅವಳನ್ನಲ್ಲ. ಮುದುಕನ ಕಿವಿ ಹೋಯಿತು ಅನ್ನುತ್ತಾರೆ. ಮುಂದಿನ ವರ್ಷದಿಂದ ಈ ಮನೆಯ ಬೇಲನ್ನೂ ಬಿಚ್ಚಿ ನೋಡುತ್ತಾರೆ. ಹೇಳಿದರೋ? ಹೇಳಿದರೆ ಇವತ್ತೇ, ಇಲ್ಲೇ, ಎಡಚನ ಎದುರಿಗೇ ಮುದುಕನ ಕಿವಿ ಹೋಯಿತು. ಎಡಚ ಇಲ್ಲಿಂದ ಇನ್ನು ಹತ್ತು ದೊಡ್ಡಿಗೆ ಹೋಗುವವನು. ಅಪ್ಪನ ಕಿವಿಯ ಮೇಲೆ ಇಷ್ಟು ಕನಿಕರ ಪಡುತ್ತಿರುವುದು ಕನಿಕರವೇ ಹೌದೇ, ಅಥವಾ ಒಂಬತ್ತು ದಿನವನ್ನು ಅದರ ಹಿಂದೆ ಬಚ್ಚಿಡುವ ಉಪಾಯವೇ ಅಂತ ಯೋಚಿಸಿದಾಗ ಮುಖ ಬಿಸಿಯಾಯಿತು. ಲೋಟ ಕೆಳಗಿಟ್ಟು ಎಲ್ಲರಿಗಿಂತ ಮೊದಲು ಎದ್ದಳು.

ಒಂದನೇ ದರ್ಜೆಯ ಗೂಡು ಶೆಡ್ಡಿನ ಹಿಂಭಾಗದಲ್ಲಿತ್ತು, ಬೇಲು ಒತ್ತುವ ಯಂತ್ರದ ಮರೆಯಲ್ಲಿ. ಮೋಟಾರು ಮತ್ತೆ ಶುರುವಾಗಿತ್ತು. ಆ ಗದ್ದಲದಲ್ಲಿ ಅವಳ ಕಿವಿಯೂ ಅಪ್ಪನ ಕಿವಿಯೇ. ಹಾಗಾಗಿ ಎಳೆದಳು. ಒಂದು ಸುರುಳಿಯಿಂದ ಒಂದು ಕುಚ್ಚು. ಕೈಗೆ ಏನೂ ತ್ರಾಸವಾಗದೆ ಎರಡಾಯಿತು. ಇನ್ನೊಂದು ಸುರುಳಿ, ಇನ್ನೊಂದು ಕುಚ್ಚು. ಅದೇ ಜಾಗ, ಬುಡದಿಂದ ಒಂದೂವರೆ ಬೆರಳು ಮೇಲೆ, ಬ್ಲೇಡಿನಿಂದ ಕೊಯ್ದಷ್ಟು ಸಮ. ನಾಲ್ಕನೆಯದು ತುಂಡಾಗಲಿಲ್ಲ, ಹುಚ್ಚು ಸಂತೋಷದಿಂದ ಅದನ್ನು ಮತ್ತೆ ಮತ್ತೆ ಜಗ್ಗಿದಳು. ಐದನೆಯದು ತುಂಡಾಯಿತು. ಕೈತುಂಬ ಅರ್ಧರ್ಧ ಕುಚ್ಚುಗಳು. ತುದಿಯ ಅರ್ಧಗಳು ಅಪ್ಪನ ಕಾಲದವು, ಬುಡದ ಅರ್ಧಗಳು ಅವಳ ಕಾಲದವು, ನಡುವೆ ನೂಲಿನಷ್ಟು ಸಣ್ಣ ಒಂಬತ್ತು ದಿನ. ಇಷ್ಟು ಒಳ್ಳೆಯ ಉಣ್ಣೆ. ಬುಡದ ಅರ್ಧವನ್ನು ಬೆಳಕಿಗೆ ಹಿಡಿದು ನೋಡಿದಳು: ಅಲೆ ಅಲೆಯಾಗಿ, ಒತ್ತಾಗಿ, ಹೊಳೆಯುತ್ತ, ಅಪ್ಪನ ಕಾಲದ್ದಕ್ಕಿಂತ ಒಂದು ಕೂದಲೆಳೆಯಷ್ಟು ಮೇಲೇ ಅನ್ನುವ ಹಾಗಿತ್ತು. ಇದೂ ನಾನೇ, ಆ ಗೆರೆಯೂ ನಾನೇ ಅಂದುಕೊಂಡಳು. ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದಳು.

ಮೇಜಿನ ಹತ್ತಿರ ಬಂದು ಕೈ ಎತ್ತಿದಳು.

ಆ ಶೆಡ್ಡಿನಲ್ಲಿ ಅಪ್ಪನಲ್ಲದೆ ಇನ್ನೊಬ್ಬರು ಕೈ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಎಡಚ ಕೈಯನ್ನು ನೋಡಿದ, ಅಪ್ಪನನ್ನು ನೋಡಿದ, ಮತ್ತೆ ಕೈಯನ್ನು ನೋಡಿ ಮೋಟಾರು ನಿಲ್ಲಿಸಿದ. ಅವನ ಮೊಣಕಾಲಿಗೆ ಒರಗಿದ್ದ ಕುರಿ ಅರ್ಧ ಅಂಗಿ ಬಿಚ್ಚಿಕೊಂಡು ಹಾಗೇ ಕೂತಿತು.

"ಏನೇ? ಕುರಿಗೆ ಗಾಯ ಆಯ್ತಾ?" ಅಪ್ಪ ಕೂಗಿದ.

"ಇಲ್ಲ. ಇದನ್ನ ಹಿಡಿ." ಒಂದನೇ ದರ್ಜೆಯ ಸುರುಳಿಯಿಂದ ಹೊಸದಾಗಿ ತೆಗೆದ ಕುಚ್ಚನ್ನು ಅವನ ಕೈಗಿಟ್ಟಳು. ಮುಖ ಅವನ ಮುಖಕ್ಕೆ ಎದುರಾಗಿ, ತುಟಿ ಕಾಣುವ ಹಾಗೆ. "ಎಳಿ."

"ಎಳೀಬೇಕಾ?"

"ಎಳಿಯಪ್ಪಾ."

ಅವನು ಎಳೆದ. ಎರಡು ಕೈಯಲ್ಲಿ ಎರಡು ತುಂಡು. ಅವನು ಅವುಗಳನ್ನು ಪಕ್ಕಪಕ್ಕ ಹಿಡಿದು, ಬುಡದಿಂದ ಗೆರೆಯವರೆಗೆ ಹೆಬ್ಬೆರಳಿನಿಂದ ಅಳೆದ. ತುಟಿ ಅಲುಗಿತು, ತಿಂಗಳು ಎಣಿಸುತ್ತಿದ್ದ.

"ಹೊಳೆ ಬಂದಿದ್ದ ಸಮಯ," ಅಂದ.

"ಹೌದು. ಒಂಬತ್ತು ದಿನ ಹೊಟ್ಟೆತುಂಬ ಮೇವಿರಲಿಲ್ಲ ಅವಕ್ಕೆ. ನಿನಗೆ ಚೆನ್ನಾಗಿದೆ ಅಂತ ಸುಳ್ಳು ಹೇಳಿದೆ."

"ಹೊಳೆ ತುಂಬಿದ್ರೆ ನೀನೇನು ಮಾಡ್ತೀಯೇ!" ಅತ್ತೆ ಪೊರಕೆ ಎತ್ತಿಕೊಂಡು ಮುಂದೆ ಬಂದಳು. "ಅದಕ್ಕೆ ಯಾರು ಹೊಣೆ?"

"ಸೇತುವೆ ಇತ್ತಲ್ಲ ಅತ್ತೆ. ಆಚೆ ದಡದವರಿಗೆ ಒಂದು ಫೋನು ಮಾಡಿದ್ರೆ ಎರಡನೇ ದಿನಕ್ಕೇ ಇಳೀತಿದ್ವು. ನಾನು ಮಾಡ್ಲಿಲ್ಲ. ಅವರ ಹತ್ರ ಕೇಳೋಕೆ ನನಗೆ ಆಗ್ಲಿಲ್ಲ."

ಅತ್ತೆ ಪೊರಕೆ ಕೆಳಗಿಳಿಸಿದಳು. ಎಡಚ ತಲೆ ಬಗ್ಗಿಸಿ ಯಂತ್ರದ ಹಲ್ಲಿನಿಂದ ಜಿಡ್ಡು ಒರೆಸತೊಡಗಿದ; ಒರೆಸಿದ್ದನ್ನೇ ಒರೆಸಿದ. ಅಪ್ಪ ಮೇಜಿನ ಪಟ್ಟಿಯನ್ನು ಹಿಡಿದುಕೊಂಡ. ಬೈಯುತ್ತಾನೆ ಅಂತ ಅವಳು ಕಾದಳು. ಬೈದರೆ ಸಾಕು ಅನ್ನುವಷ್ಟು ಕಾದಳು.

"ಬೆಳಿಗ್ಗೆ ಮೊದಲನೇದು," ಅಂದ ಅಪ್ಪ. ಅವಳ ಕಡೆ ಬಾಗಿ, ಅವಳೊಬ್ಬಳಿಗೇ ಕೇಳಿಸಲಿ ಅಂತ, ಗುಟ್ಟಿನಲ್ಲಿ ಹೇಳುತ್ತಿದ್ದೇನೆ ಅಂದುಕೊಂಡು ಹೇಳಿದ. ಅದು ಶೆಡ್ಡಿನ ತಗಡಿಗೆಲ್ಲ ಬಡಿದು ಬಂತು. "ಸದ್ದು ಮಾಡ್ತಾ?"

ಇಲ್ಲ ಅನ್ನಬಹುದಿತ್ತು. ಮೊದಲನೆಯದರಲ್ಲಿ ಗೆರೆ ಇರಲಿಲ್ಲ, ನಿನ್ನ ತಪ್ಪಲ್ಲ ಅನ್ನಬಹುದಿತ್ತು. ಒಂದು ಸಲ ಬೆನ್ನು ತಿರುಗಿಸಿ ಅವನಿಗೆ ಸುಳ್ಳು ಹೇಳಿದ್ದಾಗಿತ್ತು.

"ಮಾಡ್ತಪ್ಪಾ."

"ಜೋರಾಗಿ?"

"ನಾನು ನಿಂತಿದ್ದಲ್ಲಿಗೆ ಕೇಳಿಸ್ತು."

ಅಪ್ಪ ಗೋಣು ಹಾಕಿದ, ಯಾರೋ ಬಹಳ ದಿನದ ಹಿಂದೆ ಕೇಳಿದ್ದ ಪ್ರಶ್ನೆಗೆ ಈಗ ಉತ್ತರ ಹೊಳೆದ ಹಾಗೆ. ಆಮೇಲೆ ಕತ್ತರಿಯವನ ಕಡೆ ತಿರುಗಿ, "ಏನಯ್ಯಾ ಎಡಚ, ನಾಳೆ ಊರೂರಿಗೆ ಹೇಳೋಕೆ ಒಳ್ಳೇ ಸುದ್ದಿ ಸಿಕ್ತಲ್ಲ ನಿನಗೆ" ಅಂದ.

"ನನಗೇನು ಕೇಳಿಸುತ್ತೆ ಯಜಮಾನ್ರೇ," ಎಡಚ ತಲೆ ಎತ್ತದೆ ಅಂದ. "ನಾನೂ ಇದೇ ಮೋಟಾರಿನವನೇ."

"ಸುರೀರಿ," ಅಂದ ಅಪ್ಪ. "ಗೂಡಲ್ಲಿರೋದೆಲ್ಲ ಹೊರಗೆ ಸುರೀರಿ."

ಮೂವತ್ತೆಂಟು ಸುರುಳಿ ನೆಲದ ಮೇಲೆ ಬಿದ್ದವು. ಬೆಳಗಿನ ಇಡೀ ಕೆಲಸ. ಅಪ್ಪ ಮೊದಲನೆಯದನ್ನು ಮೇಜಿಗೆತ್ತಿ ಬಿಚ್ಚಿದ, ಪಕ್ಕೆಯಿಂದ ಕುಚ್ಚು ತೆಗೆದ, ಎರಡೂ ತುದಿ ಬಿಗಿಹಿಡಿದು ತನ್ನ ಕಿವಿಯ ಕಡೆಗೆ ಎತ್ತಿದ. ಕೈ ಅರ್ಧದಲ್ಲಿ ನಿಂತಿತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಆ ಕೈ ಅಡ್ಡ ಹೊರಳಿ, ಮೇಜು ದಾಟಿ, ಅವಳ ಕಿವಿಯ ಪಕ್ಕಕ್ಕೆ ಬಂತು. ಅವನ ಮಣಿಕಟ್ಟಿನ ಜಿಡ್ಡಿನ ವಾಸನೆ, ಬೆವರು. ಅವನೇ ಮೀಟಿದ.

"ಎರಡು," ಅಂದಳು.

ಅವನು ಸುರುಳಿ ಸುತ್ತಿ ಎರಡನೇ ದರ್ಜೆಯ ಗೂಡಿಗೆ ಎಸೆದ. ಮುಂದಿನದು.

"ಎರಡು."

"ಎರಡು."

ಆರನೆಯದು ಟಿಣ್ ಅಂದಿತು. ತಂತಿ ಅನ್ನುತ್ತಾರಲ್ಲ, ಹಾಗಲ್ಲ. ದೂರದ ಗಾಜಿನ ಲೋಟಕ್ಕೆ ಉಗುರು ತಾಗಿದ ಹಾಗೆ, ಬಲು ಸಣ್ಣಗೆ, ಸ್ವಚ್ಛವಾಗಿ. ಆ ಕುರಿಯನ್ನು ನೆನೆದಳು. ಬೇರು ಅಗೆದು ತಿಂದ ಗಯ್ಯಾಳಿಯಿರಬೇಕು. "ಒಂದು," ಅಂದಳು. ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಅವನ ಹುಬ್ಬು ಏರಿತು, ಕೇಳಿಸಿತೇನೋ ಅನ್ನುವಷ್ಟು.

ಸಂಜೆಯವರೆಗೆ ಹೀಗೇ ನಡೆಯಿತು. ಒಂದು ಕುರಿ ಮುಗಿದ ಮೇಲೆ ಮೋಟಾರು ನಿಲ್ಲುತ್ತಿತ್ತು, ಕುಚ್ಚು ಮೇಜು ದಾಟುತ್ತಿತ್ತು, ಮತ್ತೆ ಮೋಟಾರು. ಈ ಲೆಕ್ಕದಲ್ಲಿ ಮುನ್ನೂರು ಮುಗಿಯುವುದರೊಳಗೆ ಮೊದಲನೇ ಕುರಿಗೆ ಮತ್ತೆ ಉಣ್ಣೆ ಬಂದಿರುತ್ತೆ ಅಂತ ಎಡಚ ಗೊಣಗಿದ, ಆದರೆ ಅವಳ ತಲೆ ಅಲುಗುವವರೆಗೆ ಒಂದು ಸಲವೂ ಸ್ವಿಚ್ಚು ಮುಟ್ಟಲಿಲ್ಲ. ಎರಡನೇ ದರ್ಜೆಯ ಗೂಡು ತುಂಬಿ ನೆಲಕ್ಕೆ ಚೆಲ್ಲಿತು. ಅಷ್ಟು ದೊಡ್ಡ ರಾಶಿ ಆ ಮನೆಯಲ್ಲಿ ಎಂದೂ ಬಿದ್ದಿರಲಿಲ್ಲ, ಅದು ಅವಳ ಬಾಯಿಂದಲೇ ಒಂದೊಂದಾಗಿ ಬಿದ್ದಿತ್ತು. ಪ್ರತಿ ಸಲ ಎರಡು ಅನ್ನುವಾಗಲೂ ನಾಚಿಕೆಯಾಗುತ್ತಿತ್ತು. ಆದರೆ ಬೆನ್ನು ಮಾತ್ರ ಯಾಕೋ ನೆಟ್ಟಗಾಗುತ್ತ ಹೋಗಿತ್ತು, ತಪ್ಪೆಲ್ಲ ಮುಗಿದಿದ್ದಕ್ಕಲ್ಲ, ತಪ್ಪನ್ನು ತಪ್ಪು ಅಂತ ಹೇಳುವ ಕಿವಿ ತನ್ನದಾಗಿದ್ದಕ್ಕೆ.

ಅವತ್ತು ಕೊನೆಗೆ ಬಂದದ್ದು ಒಂದು ದೊಡ್ಡ ತುಪ್ಪಟ. ಮೇಜಿನ ಮೇಲೆ ಹರಡಿದಾಗ ಅತ್ತೆಯೂ ಪೊರಕೆ ಬಿಟ್ಟು ಹತ್ತಿರ ಬಂದಳು. ಅಷ್ಟು ಉದ್ದ, ಅಷ್ಟು ಒತ್ತು, ಕೈ ಇಟ್ಟರೆ ಮಣಿಕಟ್ಟಿನವರೆಗೆ ಮುಳುಗುವಂಥದ್ದು. ಅಪ್ಪ ಮೀಟಿದ. ಟಿಣ್ ಅನ್ನಲಿಲ್ಲ, ಚರಕ್ ಅನ್ನಲೂ ಇಲ್ಲ. ಎರಡರ ನಡುವೆ ಏನೋ, ಒಂದೇ ಒಂದು ಎಳೆ ಹರಿದ ಹಾಗೆ. "ಇನ್ನೊಮ್ಮೆ," ಅಂದಳು. ಮೀಟಿದ. ಕಣ್ಣು ಮುಚ್ಚಿಕೊಂಡಳು. ಕೇಳಿ ಹೇಳಲು ಈಗ ಬೇರೆ ಯಾರೂ ಇಲ್ಲ ಅನ್ನುವುದು ಒಮ್ಮೆಲೇ ಅರ್ಥವಾಯಿತು.

"ಎರಡು."

"ಅಯ್ಯೋ ಹೋಗೇ!" ಅತ್ತೆ ಅಂದಳು. "ಇದನ್ನಾ? ಅಣ್ಣಾ, ಇದೊಂದನ್ನಾದ್ರೂ ಎಳೆದು ನೋಡೋ. ಅವಳಿಗೆ ತಪ್ಪಿ ಕೇಳಿಸಿರಬಹುದು."

ಅಪ್ಪ ತಂಗಿಯ ತುಟಿಯನ್ನು ನೋಡಿದ. ಕೈಯಲ್ಲಿದ್ದ ಕುಚ್ಚನ್ನು ಎಳೆಯದೆ ತುಪ್ಪಟದ ಮೇಲೇ ಹಾಕಿ, ಎರಡೂ ಬದಿ ಒಳಕ್ಕೆ ಮಡಚಿ, ಬಾಲದ ಕಡೆಯಿಂದ ಸುತ್ತತೊಡಗಿದ.

"ಅವಳು ಹೇಳಿದ್ಲಲ್ಲ," ಅಂದ, ಹೊರಗೆ ರೊಪ್ಪದಲ್ಲಿದ್ದ ಕುರಿಗಳೂ ತಲೆ ಎತ್ತುವಷ್ಟು ಜೋರಾಗಿ, ಮತ್ತು ಆ ಸುರುಳಿಯನ್ನು, ಎಲ್ಲಿ ಬೀಳುತ್ತದೆಂದು ತಿರುಗಿಯೂ ನೋಡದೆ, ಎರಡನೇ ರಾಶಿಗೆ ಎಸೆದ.